ಪಕ್ಕದ ಕುರ್ಚಿಯ ಸಿಗರೇಟು ವಾಸನೆ: ಒಬ್ಬ ಗರ್ಭಿಣಿಯ ಪ್ರಕರಣ

(ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಆ ಗರ್ಭಿಣಿ, ಅವರ ಸಹೋದ್ಯೋಗಿ ಇಬ್ಬರೂ ಒಪ್ಪಿದ್ದಾರೆ.)

ಅವರನ್ನು ಸುಮಾ ಅನ್ನೋಣ. ವಯಸ್ಸು 29. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘದಲ್ಲಿ ಕ್ಲರ್ಕ್. ನನ್ನ ಬಳಿ ಬಂದಾಗ ಹತ್ತನೇ ವಾರ ನಡೆಯುತ್ತಿತ್ತು. ಸ್ಕ್ಯಾನಿಂಗ್ ಆಗಿತ್ತು, ಮಗುವಿನ ಎದೆಬಡಿತ ಚೆನ್ನಾಗಿತ್ತು. ತಾಯಿ ಕಾರ್ಡ್ ಮಾಡಿಸಿದ್ದರು, ಫೋಲಿಕ್ ಆಸಿಡ್ ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೆ ರಾತ್ರಿ ನಿದ್ದೆ ಇಲ್ಲ. ನಾನು ಆಪ್ತಸಮಾಲೋಚಕಿ, ಹೆರಿಗೆ ಡಾಕ್ಟರೇ ಅವರನ್ನು ನನ್ನ ಹತ್ತಿರ ಕಳಿಸಿದ್ದರು.

ಸುಮಾ ಕೂರುವುದು ಕ್ಯಾಶ್ ಕೌಂಟರಿನ ಒಳಗೆ. ಸುತ್ತ ಗಾಜು, ಮೇಲೊಂದು ಎಸಿ, ಎರಡು ಕುರ್ಚಿ. ಇನ್ನೊಂದು ಕುರ್ಚಿ ಕ್ಯಾಷಿಯರ್ ರಾಜಣ್ಣ ಅವರದ್ದು. ವಯಸ್ಸು 54. ಸುಮಾಗೆ ಕೆಲಸ ಕಲಿಸಿದವರು ಅವರೇ. ಲೆಕ್ಕ ತಪ್ಪಿದ ದಿನ ರಾತ್ರಿ ಎಂಟರವರೆಗೆ ಜೊತೆಗೆ ಕೂತು ಹುಡುಕಿಕೊಟ್ಟವರು. ದಿನಕ್ಕೆ ಏಳೆಂಟು ಸಲ ಎದುರಿನ ಟೀ ಅಂಗಡಿಗೆ ಹೋಗಿ ಸಿಗರೇಟು ಸೇದಿ ಬರುತ್ತಾರೆ. ಬಂದು ಕೂತರೆ ಶರ್ಟು, ಕೂದಲು, ಕೈ, ಉಸಿರು ಎಲ್ಲದರಿಂದಲೂ ವಾಸನೆ.

"ಮೇಡಂ, ಅವರು ಪಕ್ಕ ಕೂತ್ರೆ ಉಸಿರು ತಗೊಳ್ಳೋಕೇ ಭಯ. ಹೋದ್ಸಲ ಹೋಗಿದ್ದೂ ಇದ್ರಿಂದಾನೇ ಇರ್ಬೇಕು" ಅಂದು ಅತ್ತುಬಿಟ್ಟರು.

ಎರಡು ವರ್ಷದ ಹಿಂದೆ ಒಮ್ಮೆ ಒಂಬತ್ತನೇ ವಾರದಲ್ಲಿ ಗರ್ಭಪಾತ ಆಗಿತ್ತು. ಆಗಲೂ ಇದೇ ಕುರ್ಚಿ. ಈ ಸಲ ಮೊಬೈಲಿನಲ್ಲಿ ಬಟ್ಟೆಗೆ ಅಂಟಿದ ಹೊಗೆಯ ವಿಷದ ಬಗ್ಗೆ ಏನೋ ಓದಿದ್ದಾರೆ. ಅಲ್ಲಿಂದ ಶುರು. ಸಂಜೆ ಮನೆಗೆ ಹೋದ ತಕ್ಷಣ ತಲೆಗೆ ಸ್ನಾನ, ಮಳೆಗಾಲದ ಚಳಿಯಲ್ಲೂ. ಆಫೀಸಿನಲ್ಲಿ ಊಟ ಬಿಟ್ಟಿದ್ದರು. ರಾಜಣ್ಣ ಮುಟ್ಟಿದ ಲೆಡ್ಜರ್ ಮುಟ್ಟಿದರೆ ಪ್ರತಿಸಲ ಎದ್ದು ಹೋಗಿ ಕೈ ತೊಳೆಯುತ್ತಿದ್ದರು. ರಾತ್ರಿ ಎರಡು ಗಂಟೆಯವರೆಗೆ ಮತ್ತೆ ಮೊಬೈಲು.

"ಅವರಿಗೆ ಹೇಳಿದ್ದೀರಾ?" ಅಂತ ಕೇಳಿದೆ. ಇಲ್ಲ. ಹೇಳಬೇಕೆಂದರೆ ಬಸುರಿ ಅನ್ನುವುದನ್ನೂ ಹೇಳಬೇಕಲ್ಲ? ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅಂತ ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದರು. ಸುಮಾಗೂ ಅದೇ ಬೇಕಿತ್ತು. ಹಿಂದಿನ ಸಲ ಸುದ್ದಿ ಬೇಗ ಹಬ್ಬಿ, ಆಮೇಲೆ ಎದುರಾದವರಿಗೆಲ್ಲ "ಹೋಯ್ತು" ಅಂತ ಹೇಳುವುದೇ ಒಂದು ಶಿಕ್ಷೆಯಾಗಿತ್ತು. ಆ ನೋವು ನನಗೆ ಅರ್ಥವಾಗುತ್ತದೆ. ಈ ಪದ್ಧತಿಯನ್ನು ಮೂಢನಂಬಿಕೆ ಅಂತ ತಳ್ಳಿಹಾಕುವ ಮನಸ್ಸು ನನಗಿಲ್ಲ, ಎಷ್ಟೋ ಹೆಣ್ಣುಮಕ್ಕಳನ್ನು ಅದು ಕಾಪಾಡುತ್ತದೆ. ಆದರೆ ಜಾಸ್ತಿ ಎಚ್ಚರ ಬೇಕಾದ ತಿಂಗಳುಗಳಲ್ಲೇ ಸಹಾಯ ಕೇಳುವ ಬಾಯಿಯನ್ನೂ ಅದು ಕಟ್ಟಿಹಾಕುತ್ತದೆ.

ಮೊದಲು ಹಳೆಯ ಅಪರಾಧಭಾವವನ್ನು ಕೈಗೆತ್ತಿಕೊಂಡೆ. ಅದನ್ನು ಇಳಿಸದೆ ಬೇರೆ ಯಾವ ಮಾತೂ ಅವರ ಕಿವಿಗೆ ಹೋಗುತ್ತಿರಲಿಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮುಗಳಲ್ಲಿ ಆದ ವ್ಯತ್ಯಾಸ. ತಾಯಿ ಏನು ತಿಂದಳು, ಎಲ್ಲಿ ಕೂತಳು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪಕ್ಕದವರ ಶರ್ಟಿನ ವಾಸನೆಯಿಂದ ಗರ್ಭ ಹೋಗುತ್ತದೆ ಅಂತ ಯಾರೂ ತೋರಿಸಿಲ್ಲ. ಇದನ್ನು ಡಾಕ್ಟರ್ ಬಾಯಿಂದಲೂ ಒಮ್ಮೆ ಕೇಳಿ ಅಂತ ಅಲ್ಲೇ ಕೂರಿಸಿಕೊಂಡು ಫೋನ್ ಮಾಡಿಸಿದೆ.

ಹಾಗಂತ ಅವರು ಓದಿದ್ದೆಲ್ಲ ಸುಳ್ಳೂ ಅಲ್ಲ. ಸಿಗರೇಟು ಆರಿದ ಮೇಲೂ ನಿಕೋಟಿನ್ ಬಟ್ಟೆ, ಕೂದಲು, ಕುಷನ್, ಪರದೆ, ಗೋಡೆಗಳಿಗೆ ಅಂಟಿಕೊಂಡು ಉಳಿಯುತ್ತದೆ. ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ಅದು ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್ ಆಗುತ್ತದೆ ಅಂತ 2010ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ತೋರಿಸಿದರು. ಈ ಉಳಿಕೆಯ ಮೇಲಿನ ಕೆಲಸ ಬಹುಪಾಲು ಜೀವಕೋಶ ಮತ್ತು ಇಲಿಗಳ ಮೇಲೆ, ಇಲ್ಲವೇ ಸೇದುವವರ ಮನೆಯ ಪುಟ್ಟ ಮಕ್ಕಳ ಮೇಲೆ ನಡೆದದ್ದು. ಹಾಗಾಗಿ ದೂರ ಇರುವುದು ಒಳ್ಳೆಯದು. ಆದರೆ ಗಾಬರಿ ಬೀಳುವ ಪ್ರಮಾಣ ಒಬ್ಬರ ಶರ್ಟಿನಿಂದ ಬರುವುದಿಲ್ಲ.

ಇನ್ನೊಂದು ಮಾತು ಹೇಳಿದೆ. ಬಸುರಿಯ ಮೂಗು ತುಂಬಾ ಚುರುಕು. ಮೂರು ಮನೆ ಆಚೆ ಒಗ್ಗರಣೆ ಹಾಕಿದರೂ ಹೊಟ್ಟೆ ತೊಳಸುತ್ತದೆ ಅಲ್ವಾ? ವಾಸನೆ ಜೋರಾಗಿ ಬಂತು ಅಂದ ಮಾತ್ರಕ್ಕೆ ವಿಷವೂ ಅಷ್ಟೇ ಜೋರಾಗಿ ಒಳಗೆ ಹೋಯಿತು ಅಂತಲ್ಲ.

ಸುಮಾ ಸ್ವಲ್ಪ ಹಗುರಾದರು. ಆಗ ನಾನು ಕೇಳಿದೆ: "ಜೋರು ಮಳೆ ಬಂದಾಗ ರಾಜಣ್ಣ ಎಲ್ಲಿ ಸೇದ್ತಾರೆ?"

"ಒಳಗೇ. ಹಿಂದೆ ರೆಕಾರ್ಡ್ ರೂಮ್ ಇದೆಯಲ್ಲ, ಅಲ್ಲಿ ಕಿಟಕಿ ತೆಗೆದು ಸೇದ್ತಾರೆ. ನಾವೆಲ್ಲ ಊಟ ಮಾಡೋದೂ ಅಲ್ಲೇ."

ನನಗೆ ನಿಜವಾಗಿ ಆತಂಕವಾದದ್ದು ಆಗ. ಅದು ಜುಲೈ ತಿಂಗಳು. ಮಲೆನಾಡಿನಲ್ಲಿ ಜುಲೈ ಅಂದರೆ ದಿನವಿಡೀ ಮಳೆ. ಅಂದರೆ ದಿನಕ್ಕೆ ಎಷ್ಟೋ ಸಲ ಕಟ್ಟಡದ ಒಳಗೇ ಸಿಗರೇಟು ಉರಿಯುತ್ತಿದೆ. ಶರ್ಟಿನ ವಾಸನೆಗೆ ಹೆದರಿ ತಲೆಗೆ ಸ್ನಾನ ಮಾಡುತ್ತಿದ್ದ ಹೆಣ್ಣುಮಗಳು ಆ ಹೊಗೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಅದು ವರ್ಷಗಳಿಂದ ನಡೆದು ಬಂದದ್ದು ಅಂತ. ಬೇರೆಯವರು ಸೇದಿ ಬಿಟ್ಟ ಹೊಗೆ ಬಸುರಿಗೆ ಕೆಟ್ಟದ್ದು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಮಗುವಿನ ತೂಕ ಕಡಿಮೆಯಾಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಮಗು ಹೊಟ್ಟೆಯಲ್ಲೇ ತೀರಿಹೋಗುವುದು, ಈ ಎಲ್ಲ ಅಪಾಯಗಳನ್ನೂ ಅದು ಹೆಚ್ಚಿಸುತ್ತದೆ. ಇಷ್ಟು ಹೊಗೆ ಪರವಾಗಿಲ್ಲ ಅನ್ನುವ ಮಿತಿ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕಿಟಕಿ ತೆಗೆದರೂ, ಫ್ಯಾನ್ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ.

ಕಾನೂನು ಸಹಾಯಕ್ಕೆ ಬರುವುದೂ ಇಲ್ಲಿಯೇ. ಶರ್ಟಿನ ವಾಸನೆಗೆ ಯಾವ ಕಾನೂನೂ ಇಲ್ಲ. ಕಚೇರಿಯ ಒಳಗೆ ಸೇದುವುದಕ್ಕೆ ಇದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಕೋಟ್ಪಾ ಅಂತಾರಲ್ಲ, ಅದರ 4ನೇ ಸೆಕ್ಷನ್ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧಿಸುತ್ತದೆ. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳ ಪ್ರಕಾರ ಕೆಲಸದ ಜಾಗವೂ ಅದರೊಳಗೆ ಬರುತ್ತದೆ. ಒಳಗೆ ಯಾರೂ ಸೇದದಂತೆ ನೋಡಿಕೊಳ್ಳುವುದು, ಬಾಗಿಲಲ್ಲಿ ಕನಿಷ್ಠ 60 ಸೆಂಟಿಮೀಟರ್‌ಗೆ 30 ಸೆಂಟಿಮೀಟರ್ ಅಳತೆಯ, ಇಲ್ಲಿ ಸೇದಬಾರದು ಅನ್ನುವ ಬೋರ್ಡ್ ಹಾಕಿಸುವುದು ಆ ಕಚೇರಿಯ ಮುಖ್ಯಸ್ಥರ ಹೊಣೆ. ಕರ್ನಾಟಕದಲ್ಲಿ 2025ರಿಂದ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ. ಇದನ್ನೆಲ್ಲ ಸುಮಾಗೆ ಹೇಳಿದ್ದು ದೂರು ಕೊಡಿ ಅಂತಲ್ಲ. ತಾನು ಕೇಳುತ್ತಿರುವುದು ಉಪಕಾರ ಅಲ್ಲ, ಆಗಲೇಬೇಕಾದ ಕೆಲಸ ಅನ್ನುವ ಧೈರ್ಯ ಅವರಿಗೆ ಬರಲಿ ಅಂತ.

ಮುಂದಿನ ಸಲ ಗಂಡ ಜೊತೆಗೆ ಬಂದರು. ಅವರದ್ದು ಎರಡೇ ದಾರಿ. "ನಾನೇ ಹೋಗಿ ಮಾತಾಡ್ತೀನಿ, ಇಲ್ಲ ಕೆಲಸ ಬಿಟ್ಬಿಡ್ಲಿ." ಎರಡನ್ನೂ ತಡೆದೆ. ಗಂಡ ಹೋಗಿ ಕೂಗಾಡಿದರೆ ಆಮೇಲೆ ಆ ಗಾಜಿನ ಗೂಡಿನಲ್ಲಿ ಕೂರಬೇಕಾದವರು ಸುಮಾ. ಕೆಲಸ ಬಿಟ್ಟರೆ ಸಂಬಳದ ಸಮೇತ ಸಿಗುವ ಹೆರಿಗೆ ರಜೆಯೂ ಹೋಯಿತು. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದವರಿಗೆ 26 ವಾರದ ರಜೆ ಸಿಗುತ್ತದೆ. ಅದರಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಇದು ಗಂಡನಿಗೆ ಗೊತ್ತೇ ಇರಲಿಲ್ಲ.

ಎಲ್ಲರಿಗೂ ಹೇಳಬೇಡಿ, ಇಬ್ಬರಿಗೆ ಮಾತ್ರ ಹೇಳಿ ಅಂದೆ. ಮೊದಲು ಮ್ಯಾನೇಜರ್‌ಗೆ. ಅವರಲ್ಲಿ ಕೇಳಬೇಕಾದದ್ದು ಇಷ್ಟು: ಕಟ್ಟಡದ ಒಳಗೆ ಸಿಗರೇಟು ಪೂರ್ತಿ ಬಂದ್, ಸಾಲದ ವಿಭಾಗದ ಕಿಟಕಿ ಪಕ್ಕದ ಟೇಬಲಿಗೆ ವರ್ಗ, ಮತ್ತು ಸುದ್ದಿ ಸದ್ಯಕ್ಕೆ ಅವರಲ್ಲೇ ಇರಬೇಕು. ಡಾಕ್ಟರ್ ಹತ್ತಿರ "ಹೊಗೆಯಿಂದ ದೂರ ಇರಬೇಕು" ಅಂತ ಒಂದು ಚೀಟಿ ಬರೆಸಿಕೊಳ್ಳಲು ಹೇಳಿದೆ.

ಎರಡನೆಯವರು ರಾಜಣ್ಣ. ಸುಮಾಗೆ ಇದೇ ಕಷ್ಟವಾದದ್ದು. "ಸುಮ್ನೆ ಮ್ಯಾನೇಜರ್ ಹೇಳ್ಲಿ ಬಿಡಿ" ಅಂದರು. ನನಗೆ ಅದು ಸರಿ ಕಾಣಲಿಲ್ಲ. ಕಲಿಸಿದವರಿಗೆ ಮೇಲಿನವರ ಮೂಲಕ ಮಾತು ತಲುಪಿದರೆ ದೂರು ಕೊಟ್ಟಂತೆ ಕೇಳಿಸುತ್ತದೆ. ಅದಕ್ಕೆ ಮ್ಯಾನೇಜರ್ ಹತ್ತಿರ ಮಾತಾಡಿದ ದಿನವೇ ರಾಜಣ್ಣನಿಗೂ ಹೇಳಬೇಕು ಅಂತ ತೀರ್ಮಾನಿಸಿದೆವು. ಹೇಗೆ ಹೇಳುವುದು ಅಂತ ನನ್ನ ಮುಂದೆಯೇ ಅಭ್ಯಾಸ ಮಾಡಿದರು. ಮೊದಲು "ನಿಮ್ಮ ವಾಸನೆ" ಅಂತ ಶುರು ಮಾಡಿ ತಾವೇ ನಿಲ್ಲಿಸಿದರು. ಕೊನೆಗೆ ನಿಂತದ್ದು ಹೀಗೆ:

"ಸರ್, ನಿಮ್ ಹತ್ರ ಒಂದು ಸಹಾಯ ಕೇಳ್ಬೇಕಿತ್ತು. ನಾನು ಬಸುರಿ, ಇನ್ನೂ ಯಾರಿಗೂ ಹೇಳಿಲ್ಲ. ಹೋದ್ಸಲ ಏನಾಯ್ತು ನಿಮ್ಗೆ ಗೊತ್ತಲ್ಲ. ಡಾಕ್ಟ್ರು ಹೊಗೆ ಹತ್ರಾನೂ ಇರ್ಬೇಡ ಅಂದಿದ್ದಾರೆ. ರೆಕಾರ್ಡ್ ರೂಮಲ್ಲಿ ಸೇದ್ಬೇಡಿ ಸರ್. ಹೊರಗೆ ಸೇದಿ ಬಂದ್ರೂ ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬನ್ನಿ."

ಸೇದುವುದು ತಪ್ಪು, ಬಿಟ್ಟುಬಿಡಿ ಅನ್ನುವ ಮಾತು ಇದರಲ್ಲಿ ಎಲ್ಲೂ ಇಲ್ಲ ನೋಡಿ. ಆ ಉಪದೇಶ ಅವರು ಮನೆಯಲ್ಲಿ ಸಾಕಷ್ಟು ಕೇಳಿರುತ್ತಾರೆ.

ಟೇಬಲ್ ಬದಲಾಗುವ ತನಕ ಸುಮಾ ತಾವೇ ಮಾಡಿಕೊಳ್ಳಬಹುದಾದ ಕೆಲವು ಸಂಗತಿಗಳೂ ಇದ್ದವು. ನೋಟು ಎಣಿಸುವಾಗ ಬೆರಳನ್ನು ನಾಲಿಗೆಗೆ ಮುಟ್ಟಿಸುವ ಅಭ್ಯಾಸ ಬಿಟ್ಟು, ಒದ್ದೆ ಸ್ಪಂಜಿನ ಡಬ್ಬಿ ಇಟ್ಟುಕೊಳ್ಳಿ ಅಂದೆ. ನೋಟಿನ ವಿಷಯದಲ್ಲಿ ಇದು ಯಾವಾಗಲೂ ಒಳ್ಳೆಯದೇ. ಕೈಯನ್ನು ಊಟ ತಿಂಡಿಗೆ ಮೊದಲು ಸೋಪಿನಿಂದ ತೊಳೆದರೆ ಸಾಕು, ಲೆಡ್ಜರ್ ಮುಟ್ಟಿದಾಗಲೆಲ್ಲ ಬೇಡ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಟೇಬಲ್, ಕೀಬೋರ್ಡ್ ಒರೆಸುವುದು. ಹಳೆಯ ಬಟ್ಟೆಯ ಕುಷನ್ ತೆಗೆದು ಪ್ಲಾಸ್ಟಿಕ್ ಕುರ್ಚಿ. ಎಸಿ ಫಿಲ್ಟರ್ ತೊಳೆಸುವುದು. ಮನೆಗೆ ಹೋದ ಮೇಲೆ ಬಟ್ಟೆ ಬದಲಿಸಿ ಕೈಕಾಲು ಮುಖ ತೊಳೆದರೆ ಆಯಿತು, ಚಳಿಯಲ್ಲಿ ತಲೆಸ್ನಾನ ಬೇಡವೇ ಬೇಡ. ರೂಮ್ ಫ್ರೆಶ್‌ನರ್ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ಏನನ್ನೂ ತೆಗೆಯುವುದಿಲ್ಲ, ವಾಂತಿ ಬೇರೆ ಜಾಸ್ತಿಯಾಗುತ್ತದೆ. ಸಾಮಾನ್ಯ ಮಾಸ್ಕ್ ಹೊಗೆಯ ಅನಿಲವನ್ನು ತಡೆಯುವುದಿಲ್ಲ. ಹೊಟ್ಟೆ ತೊಳಸಿದರೆ ಬಸ್ಸಿನಲ್ಲಿ ಮಾಡುವ ಹಾಗೆ ಒಂದು ನಿಂಬೆಹಣ್ಣು ಕೈಯಲ್ಲಿ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟ ಮಾತ್ರ ಬಿಡಬೇಡಿ, ಹೊಗೆಯ ಭಯಕ್ಕೆ ಉಪವಾಸ ಇರುವುದು ಮಗುವಿಗೆ ಇನ್ನೊಂದು ತೊಂದರೆ.

ರಾತ್ರಿ ಹತ್ತರ ನಂತರ ಮೊಬೈಲ್ ಗಂಡನ ಕೈಗೆ. ಮನಸ್ಸು ತೀರಾ ಹೊಯ್ದಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ ಹೇಳಿದೆ. ರಕ್ತ ಕಂಡರೆ, ಹೊಟ್ಟೆನೋವು ಬಂದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.

ಮ್ಯಾನೇಜರ್ ಬೇಗ ಒಪ್ಪಿದರು. ಬೋರ್ಡ್ ಬಂತು, ರೆಕಾರ್ಡ್ ರೂಮಿನ ಬೂದಿ ಡಬ್ಬಿ ಹೋಯಿತು. ರಾಜಣ್ಣನ ಜೊತೆ ಮಾತ್ರ ಸುಲಭವಾಗಲಿಲ್ಲ. ಮಾತು ಕೇಳಿ "ಆಯ್ತಮ್ಮ" ಅಂದರಂತೆ, ಆಮೇಲೆ ಒಂದಷ್ಟು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಲೆಕ್ಕದ ಚೀಟಿಯನ್ನೂ ಅಟೆಂಡರ್ ಕೈಯಲ್ಲಿ ಕಳಿಸುತ್ತಿದ್ದರಂತೆ. ಸುಮಾ ಅಳುತ್ತಾ ಫೋನ್ ಮಾಡಿದರು. ಕಾಯಿರಿ, ಕ್ಷಮೆ ಕೇಳಬೇಡಿ, ಎಂದಿನಂತೆ ನಮಸ್ಕಾರ ಹೇಳುತ್ತಿರಿ ಅಂದೆ. ತಪ್ಪು ಮಾಡದೆ ಕ್ಷಮೆ ಕೇಳಿದರೆ ಕೇಳಿದ ಸಹಾಯವೂ ಸಡಿಲವಾಗುತ್ತದೆ.

ಆಮೇಲೆ ಒಂದು ದಿನ ರಾಜಣ್ಣ ಅವರೇ ನನಗೆ ಫೋನ್ ಮಾಡಿದರು. ನಂಬರು ಕೊಟ್ಟದ್ದು ಸುಮಾ. "ಆ ಹುಡುಗಿಗೆ ನನ್ನಿಂದ ಹೋದ್ಸಲ ಏನಾದ್ರೂ ಆಯ್ತಾ ಮೇಡಂ?" ಎಂಬುದು ಅವರ ಮೊದಲ ಪ್ರಶ್ನೆ. ಅವರು ದೂರವಾದದ್ದು ಕೋಪಕ್ಕಲ್ಲ, ಈ ಭಯಕ್ಕೆ. ಇಬ್ಬರೂ ಒಂದೇ ಅಪರಾಧಭಾವವನ್ನು ಬೇರೆ ಬೇರೆ ಮೂಲೆಯಲ್ಲಿ ಕೂತು ಹೊರುತ್ತಿದ್ದರು. ಸುಮಾಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ: ಹೋದ ಸಲದ್ದಕ್ಕೆ ನಿಮ್ಮನ್ನು ದೂರಲು ಆಧಾರ ಇಲ್ಲ, ಒಳಗೆ ಸೇದುವುದನ್ನು ನಿಲ್ಲಿಸಲು ಮಾತ್ರ ಗಟ್ಟಿ ಕಾರಣ ಇದೆ. ಹೊರಗೆ ಸೇದುವಾಗ ಶರ್ಟಿನ ಮೇಲೆ ಒಂದು ಜರ್ಕಿನ್ ಹಾಕಿಕೊಂಡು ಅದನ್ನು ಹೊರಗೇ ನೇತುಹಾಕುವುದು, ಕೈ ಬಾಯಿ ತೊಳೆದು, ಹತ್ತು ಹದಿನೈದು ನಿಮಿಷ ಬಿಟ್ಟು ಒಳಗೆ ಬರುವುದು. ಕೊನೆಯ ದಮ್ಮಿನ ಹೊಗೆ ಸ್ವಲ್ಪ ಹೊತ್ತು ಉಸಿರಿನಲ್ಲಿ ಬರುತ್ತಲೇ ಇರುತ್ತದೆ, ಅದಕ್ಕೆ. ಬಿಡುವ ಮನಸ್ಸಿದ್ದರೆ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356, ಕರೆ ಉಚಿತ. ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾರೆ ಅಂತ ಸುಮಾ ಹೇಳಿದರು.

ಸುಮಾಗೆ ದಿನ ತುಂಬಿ ಹೆರಿಗೆಯಾಯಿತು. ಗಂಡು ಮಗು, ತೂಕ ಚೆನ್ನಾಗಿದೆ. ಮೊನ್ನೆ ಬಂದಾಗ ಹೊಸ ವಿಷಯ ತಂದರು. ತೋಟದ ಮನೆಯಲ್ಲಿದ್ದ ಮಾವ ಮೊಮ್ಮಗನ ಜೊತೆ ಇರಲು ಬಂದಿದ್ದಾರೆ, ಜಗಲಿಯಲ್ಲಿ ಬೀಡಿ ಸೇದಿ ಹಾಗೇ ಬಂದು ಮಗು ಎತ್ತಿಕೊಳ್ಳುತ್ತಾರೆ. ಆಫೀಸಿನ ಶರ್ಟಿಗಿಂತ ಇದರ ಬಗ್ಗೆ ನನಗೆ ಕಾಳಜಿ ಜಾಸ್ತಿ. ಮಗು ಇನ್ನು ಕೆಲವೇ ತಿಂಗಳಲ್ಲಿ ನೆಲದ ಮೇಲೆ ಅಂಬೆಗಾಲಿಟ್ಟು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಅಜ್ಜನ ಪಂಚೆಯನ್ನೂ ಚೀಪುತ್ತದೆ. ಬೀಡಿಯನ್ನು ಜಗಲಿಯಲ್ಲೂ ಬೇಡ, ಅಂಗಳ ದಾಟಿ ಸೇದಲಿ. ಕೈ ತೊಳೆದು, ಹೆಗಲ ಟವೆಲ್ ಮತ್ತು ಅಂಗಿ ಬದಲಿಸಿ ಮಗು ಮುಟ್ಟಲಿ. ಇದನ್ನು ಮಾವನಿಗೆ ಹೇಳುವುದು ಸೊಸೆಯ ತಲೆಗೆ ಬೇಡ, ಮಗನೇ ಹೇಳಲಿ ಅಂದಿದ್ದೇನೆ. ಮುಂದಿನ ಭೇಟಿಗೆ ಮಾವನವರನ್ನೂ ಕರೆದುಕೊಂಡು ಬರುತ್ತಾರೆ.