ಎಂ.ಡಿ. ಥೀಸಿಸ್ ಮುಗಿಯಿತು, ಅದನ್ನು ಪೇಪರ್ ಮಾಡಿ ಜರ್ನಲ್‌ಗೆ ಕಳಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು. ಕಮ್ಯುನಿಟಿ ಮೆಡಿಸಿನ್ ಕೊನೆಯ ವರ್ಷ, ಹಳ್ಳಿಯ ಗರ್ಭಿಣಿಯರ ರಕ್ತಹೀನತೆ ಬಗ್ಗೆ ಥೀಸಿಸ್ ಮಾಡಿದ್ದೀರಿ. ಗೈಡ್ "ಪೇಪರ್ ಮಾಡಿ ಕಳಿಸಿ" ಅಂದಿದ್ದಾರೆ. ಓದಿದ್ದು ಕನ್ನಡ ಮೀಡಿಯಂ, ಇಂಗ್ಲಿಷ್ ಬರವಣಿಗೆಯ ಭಯ ಇದೆ. ಜೊತೆಗೆ "ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ, ಫೀಸು ಇಷ್ಟು" ಅಂತ ಒಂದು ಮೇಲ್ ಬಂದಿದೆ, ಅಲ್ಲಿಗೇ ಕಳಿಸಿಬಿಡಲಾ ಅಂತ.

ಆ ಮೇಲ್‌ಗೆ ಉತ್ತರ ಕೊಡಬೇಡಿ. ಮೊದಲು ಇದನ್ನು ಹೇಳಿಯೇ ಮುಂದಕ್ಕೆ ಹೋಗುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಮತ್ತೆ ಸರಿಮಾಡುವುದು ಬಹಳ ಕಷ್ಟ. ನನ್ನ ಜೂನಿಯರ್ ಒಬ್ಬರು ಹೀಗೇ ಒಂದು ಕಡೆ ಕಳಿಸಿದರು. ನಾಲ್ಕೇ ದಿನಕ್ಕೆ "ಅಕ್ಸೆಪ್ಟ್ ಆಗಿದೆ" ಅಂತ ಬಂತು. ಯಾರೂ ಓದಿರಲಿಲ್ಲ, ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಅನುಮಾನ ಬಂದು ವಾಪಸ್ ಕೊಡಿ ಅಂದರೆ, ವಾಪಸ್ ಪಡೆಯಲು ಬೇರೆ ಫೀಸು ಕೇಳಿದರು. ದುಡ್ಡು ಹೋಗಿದ್ದು ಇರಲಿ. ಒಂದು ಕಡೆ ಅಚ್ಚಾದ ಪೇಪರ್ ಅನ್ನು ಇನ್ನೊಂದು ಜರ್ನಲ್ ತೆಗೆದುಕೊಳ್ಳುವುದಿಲ್ಲ. ಎರಡು ವರ್ಷ ಬಿಸಿಲಲ್ಲಿ ಓಡಾಡಿ ತಂದ ಮಾಹಿತಿ ಅಲ್ಲೇ ಹೂತುಹೋಯಿತು. ನಿಮ್ಮ ಥೀಸಿಸ್‌ಗಾಗಿ ಅಷ್ಟು ಹೆಂಗಸರು ಕೈ ಚಾಚಿ ರಕ್ತ ಕೊಟ್ಟಿದ್ದಾರೆ. ಅದು ಹಾಗೆ ಹೋಗಬಾರದು.

ಇಂಥ ಜರ್ನಲ್‌ಗಳ ಒಂದು ಪಟ್ಟಿಯನ್ನು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಜೆಫ್ರಿ ಬೀಲ್ ನಡೆಸುತ್ತಿದ್ದರು. 2017ರ ಜನವರಿಯಲ್ಲಿ ಅದನ್ನು ತೆಗೆದುಹಾಕಿದರು. ಹಾಗಾಗಿ ಈಗ ನಾವೇ ಪರೀಕ್ಷೆ ಮಾಡಿಕೊಳ್ಳಬೇಕು. ನಾನು ಮಾಡುವುದು ಹೀಗೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಕ್ಯಾಟಲಾಗ್‌ನಲ್ಲಿ ಜರ್ನಲ್ ಹೆಸರು ಹಾಕಿ, ಅದು ಈಗ ಮೆಡ್‌ಲೈನ್‌ನಲ್ಲಿ, ಅಂದರೆ ಅವರು ಪರಿಶೀಲಿಸಿ ಆರಿಸಿದ ಜರ್ನಲ್‌ಗಳ ಸೂಚಿಯಲ್ಲಿ, ಇದೆಯಾ ಅಂತ ನೋಡುತ್ತೇನೆ. ವೈದ್ಯಕೀಯ ಲೇಖನ ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಒಂದೆರಡು ಲೇಖನ ಸಿಕ್ಕಿತು ಅಂದಮಾತ್ರಕ್ಕೆ ಜರ್ನಲ್ ಮೆಡ್‌ಲೈನ್‌ನಲ್ಲಿದೆ ಅಂತಲ್ಲ, ಇದರಲ್ಲಿ ಬಹಳ ಜನ ಮೋಸಹೋಗುತ್ತಾರೆ. ಓಪನ್ ಆಕ್ಸೆಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಜರ್ನಲ್ ಆದರೆ, ಅಂಥವುಗಳ ಡಿಒಎಜೆ ಪಟ್ಟಿಯಲ್ಲಿ ಹುಡುಕುತ್ತೇನೆ. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಅಂಕ) ಅಂತ ದೊಡ್ಡದಾಗಿ ಹಾಕಿಕೊಂಡಿದ್ದರೆ, ನಿಜವಾದ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲ್ಯಾರಿವೇಟ್ ಸಂಸ್ಥೆ ಮಾತ್ರ ಎನ್ನುವುದು ನೆನಪಿರಲಿ. ಕೊನೆಗೆ ಆ ಜರ್ನಲ್‌ನ ಎರಡು ಹಳೆ ಲೇಖನ ತೆಗೆದು ಪೂರ್ತಿ ಓದುತ್ತೇನೆ. ಟೇಬಲ್‌ಗಳು ಹೇಗಿವೆ ಅಂತ ನೋಡಿದರೆ ಅಲ್ಲಿ ಯಾರಾದರೂ ಓದುತ್ತಾರಾ ಇಲ್ಲವಾ ತಿಳಿಯುತ್ತದೆ.

"ನಮ್ಮ ಒಂದು ಪಿಎಚ್‌ಸಿಯ ಲೆಕ್ಕ ಯಾರಿಗೆ ಬೇಕು" ಅಂತಲೂ ಬರೆದಿದ್ದೀರಿ. ಹಾಗೆ ಅಂದುಕೊಳ್ಳಬೇಡಿ. 1957ರಲ್ಲಿ ಸೊರಬ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂದಾಗ ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವರು ಬಂದು ನೋಡಿದರು. ಅದೇ ವರ್ಷ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಬರೆದರು. ಇವತ್ತು ಪ್ರಪಂಚದ ಯಾವ ವೈದ್ಯಕೀಯ ಪುಸ್ತಕ ತೆಗೆದರೂ ನಮ್ಮ ಮಲೆನಾಡಿನ ಆ ಊರಿನ ಹೆಸರಲ್ಲೇ, ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ, ಆ ಕಾಯಿಲೆ ಇದೆ.

ಇನ್ನು ಬರೆಯುವ ಮಾತು. ಥೀಸಿಸ್ ಅನ್ನು ಕತ್ತರಿಸಿ ಪೇಪರ್ ಮಾಡಲು ಹೋಗಬೇಡಿ. ಎಲ್ಲರೂ ಇದನ್ನೇ ಮಾಡಿ ಸೋಲುತ್ತಾರೆ, ನಾನೂ ಮಾಡಿದ್ದೆ. ನಾನು ಎಲ್ಲಾ ಓದಿದ್ದೇನೆ ಅಂತ ಪರೀಕ್ಷಕರಿಗೆ ತೋರಿಸಲು ಬರೆಯುವುದು ಥೀಸಿಸ್. ಪೇಪರ್ ಇರುವುದು ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಲು. ಒಂದು ಒರಿಜಿನಲ್ ಆರ್ಟಿಕಲ್‌ಗೆ ಬಹುತೇಕ ಜರ್ನಲ್‌ಗಳು ಎರಡೂವರೆಯಿಂದ ಮೂರು ಸಾವಿರ ಪದ ಕೊಡುತ್ತವೆ. ಸಾರಾಂಶಕ್ಕೆ 250ರ ಆಸುಪಾಸು. ನಿಮ್ಮ ನಲವತ್ತು ಪುಟದ ರಿವ್ಯೂ ಆಫ್ ಲಿಟರೇಚರ್ ಇಲ್ಲಿ ಮೂರು ಪ್ಯಾರಾ ಆಗಬೇಕು. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಹೊಸ ಫೈಲ್ ತೆರೆದು ಖಾಲಿ ಪುಟದಿಂದಲೇ ಶುರು ಮಾಡಿ.

ಶುರು ಮಾಡುವುದು ಪೀಠಿಕೆಯಿಂದಲ್ಲ, ಟೇಬಲ್‌ನಿಂದ. ಎಲ್ಲರ ಮಾಹಿತಿ ಒಟ್ಟಿಗೆ ತುಂಬಿದ ಮಾಸ್ಟರ್ ಚಾರ್ಟ್ ತೆರೆದು ಲೆಕ್ಕ ಮೊದಲಿನಿಂದ ಹಾಕಿ. ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಬೇಡ ಅಂದರು, ಎಷ್ಟು ಸ್ಯಾಂಪಲ್ ಹೆಪ್ಪುಗಟ್ಟಿ ಹೋಯಿತು, ಕೊನೆಗೆ ಎಷ್ಟು ಉಳಿಯಿತು. ನಿಮ್ಮಂಥ ಅಧ್ಯಯನಗಳಿಗೆ ಸ್ಟ್ರೋಬ್ ಎಂಬ 22 ಅಂಶಗಳ ಚೆಕ್‌ಲಿಸ್ಟ್ ಇದೆ, ಅದು ಕೇಳುವುದೂ ಇದನ್ನೇ. ಡ್ರಗ್ ಟ್ರಯಲ್ ಆದರೆ ಕನ್ಸಾರ್ಟ್, ಕೇಸ್ ರಿಪೋರ್ಟ್ ಆದರೆ ಕೇರ್. ಚೆಕ್‌ಲಿಸ್ಟ್ ಅನ್ನು ಕಳಿಸುವ ದಿನ ತುಂಬುವ ಫಾರ್ಮ್ ಅಂದುಕೊಳ್ಳದೆ, ಬರೆಯುವ ಮೊದಲೇ ಪಕ್ಕದಲ್ಲಿಟ್ಟುಕೊಳ್ಳಿ.

ನನ್ನ ಮೊದಲ ಪೇಪರ್‌ನಲ್ಲಿ ಆದದ್ದು ಹೇಳುತ್ತೇನೆ. ಸಾರಾಂಶದಲ್ಲಿ 312 ತಾಯಂದಿರು ಅಂತ ಬರೆದಿದ್ದೆ. ಮೂರನೇ ಟೇಬಲ್ ಕೂಡಿದರೆ 309. ರಿವ್ಯೂಯರ್, ಅಂದರೆ ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ತಜ್ಞರು, ಒಂದೇ ಸಾಲು ಬರೆದಿದ್ದರು: ಉಳಿದ ಮೂವರು ಎಲ್ಲಿ? ಡಿಪಾರ್ಟ್‌ಮೆಂಟಿನ ಕಪಾಟಿನಿಂದ ಪ್ರೊಫಾರ್ಮಾಗಳ (ಒಬ್ಬೊಬ್ಬರ ಮಾಹಿತಿ ತುಂಬಿದ ಹಾಳೆಗಳ) ಡಬ್ಬ ಇಳಿಸಿ, ನೆಲದ ಮೇಲೆ ಹರಡಿಕೊಂಡು ಕೂತೆ. ಮಧ್ಯಾಹ್ನದಿಂದ ಸಂಜೆಯವರೆಗೆ ಒಂದೊಂದೇ ಹಾಳೆ ತಿರುವಿದೆ. ಮೂರು ಹಾಳೆಗಳಲ್ಲಿ ಹಿಮೋಗ್ಲೋಬಿನ್ ಚೌಕ ಖಾಲಿ ಇತ್ತು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ನನ್ನದೇ ಅಕ್ಷರ: "ತವರಿಗೆ ಹೋಗಿದ್ದಾರೆ". ಹೆರಿಗೆಗೆ ತವರಿಗೆ ಹೋದ ಹೆಂಗಸರು. ನಾನು ಅವರನ್ನು ಮೊತ್ತದಲ್ಲಿ ಸೇರಿಸಿ ಟೇಬಲ್‌ನಲ್ಲಿ ಮರೆತಿದ್ದೆ. ಅದನ್ನೇ ಇದ್ದದ್ದು ಇದ್ದ ಹಾಗೆ ಬರೆದೆ, ರಿವ್ಯೂಯರ್ ಒಪ್ಪಿದರು. ಅವತ್ತಿನಿಂದ ಯಾವ ಪೇಪರ್ ಕಳಿಸುವ ಮೊದಲೂ ಒಂದು ಕ್ಯಾಲ್ಕುಲೇಟರ್ ಹಿಡಿದು ಸಾರಾಂಶ, ಬರಹ, ಟೇಬಲ್ ಮೂರನ್ನೂ ತಾಳೆ ನೋಡುತ್ತೇನೆ. ಈಗ ನಾನೇ ರಿವ್ಯೂ ಮಾಡುವಾಗಲೂ ಮೊದಲು ಮಾಡುವ ಕೆಲಸ ಅದೇ. ಲೆಕ್ಕ ತಾಳೆ ಆಗದಿದ್ದರೆ ಮುಂದೆ ಬರೆದದ್ದರ ಮೇಲೆ ನಂಬಿಕೆ ಬರುವುದಿಲ್ಲ, ಅಲ್ವಾ?

ಟೇಬಲ್ ಆದಮೇಲೆ ಮೆಥಡ್ಸ್. ನಿಮ್ಮನ್ನು ಎಂದೂ ನೋಡದ ಡಾಕ್ಟರ್ ಒಬ್ಬರು ಇದನ್ನು ಓದಿ, ಬೇರೆ ಊರಲ್ಲಿ ಇದೇ ಕೆಲಸ ಮಾಡುವಂತಿರಬೇಕು. ಯಾವ ತಿಂಗಳು, ಯಾರನ್ನು ಹೇಗೆ ಆರಿಸಿದಿರಿ, ಸ್ಯಾಂಪಲ್ ಸೈಜ್ ಯಾವ ಲೆಕ್ಕದಲ್ಲಿ ಬಂತು, ಎಲ್ಲಾ ಇರಲಿ. ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಹಿಮೋಗ್ಲೋಬಿನ್ ಅಳತೆ. ಬೆರಳು ಚುಚ್ಚಿ ತೆಗೆದದ್ದಾ, ರಕ್ತನಾಳದಿಂದಲಾ? ಬಣ್ಣ ಹೋಲಿಸಿ ಕಣ್ಣಲ್ಲೇ ಅಳೆಯುವ ಸಾಹ್ಲಿ ವಿಧಾನವಾ, ಸೆಲ್ ಕೌಂಟರ್ ಮೆಷಿನ್ನಾ? ರಕ್ತಹೀನತೆ ಅಂತ ಕರೆದದ್ದು ಯಾವ ಗೆರೆಯ ಕೆಳಗೆ? ಎಲ್ಲರೂ ಸುಮ್ನೆ ಡೆಸಿಲೀಟರ್‌ಗೆ 11 ಗ್ರಾಂ ಅಂತ ಬರೆದುಬಿಡುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ನಾಲ್ಕರಿಂದ ಆರನೇ ತಿಂಗಳವರಿಗೆ, ಅಂದರೆ ಎರಡನೇ ಟ್ರೈಮೆಸ್ಟರ್‌ಗೆ, 10.5 ಅಂತ ಇಟ್ಟಿದೆ. ಯಾವ ಗೆರೆ ಹಿಡಿದಿರಿ ಅನ್ನುವುದರ ಮೇಲೆ ನಿಮ್ಮ ಶೇಕಡಾವಾರು ಲೆಕ್ಕವೇ ಬದಲಾಗುತ್ತದೆ.

ಎಥಿಕ್ಸ್ ಕಮಿಟಿ ಒಪ್ಪಿಗೆಯ ಸಂಖ್ಯೆ, ತಾರೀಖು ಇಲ್ಲೇ ಬರಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಓದಿ ಹೇಳಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಸ್ನೇಹಿತರು ಟ್ರಯಲ್ ಮಾಡುತ್ತಿದ್ದಾರೆ ಅಂದಿದ್ದೀರಲ್ಲ, ಅವರಿಗೆ ಒಂದು ಮಾತು ಹೇಳಿ: ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐನಲ್ಲಿ, ಅಂದರೆ ಭಾರತದ ಟ್ರಯಲ್ ನೋಂದಣಿ ತಾಣದಲ್ಲಿ, ನೋಂದಣಿ ಆಗಬೇಕು. ಆಗಲೇ ಶುರುವಾಗಿರುವ ಟ್ರಯಲ್‌ಗಳನ್ನು 2018ರ ಏಪ್ರಿಲ್‌ನಿಂದ ಅಲ್ಲಿ ನೋಂದಾಯಿಸುವುದಿಲ್ಲ.

ರಿಸಲ್ಟ್ಸ್ ಚಿಕ್ಕದಿರಲಿ. ಟೇಬಲ್‌ನಲ್ಲಿ ಇರುವುದನ್ನು ಮತ್ತೆ ಸಾಲುಸಾಲಾಗಿ ಬರೆಯಬೇಡಿ. ಸಾಫ್ಟ್‌ವೇರ್ 0.000 ಅಂತ ಪಿ ವ್ಯಾಲ್ಯೂ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) ತೋರಿಸಿದರೆ ಹಾಗೇ ಇಳಿಸಬೇಡಿ, 0.001ಕ್ಕಿಂತ ಕಡಿಮೆ ಅಂತ ಬರೆಯಿರಿ. ಬರೀ ಪಿ ವ್ಯಾಲ್ಯೂ ಸಾಲದು, ನಿಜವಾದ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ಕಾನ್ಫಿಡೆನ್ಸ್ ಇಂಟರ್ವಲ್ ಕೊಡಿ.

ಡಿಸ್ಕಷನ್‌ನಲ್ಲಿ ಮಾತಿನ ಮೇಲೆ ಹಿಡಿತ ಬೇಕು. "ಊಟ ಆದ ತಕ್ಷಣ ಕಾಫಿ ಕುಡಿಯುವವರಲ್ಲಿ ರಕ್ತಹೀನತೆ ಜಾಸ್ತಿ ಕಂಡಿತು" ಅನ್ನಬಹುದು. "ಕಾಫಿ ಕುಡಿದಿದ್ದರಿಂದ ರಕ್ತಹೀನತೆ ಬಂತು" ಅನ್ನುವ ಹಾಗಿಲ್ಲ. ಒಂದೇ ಸಲ ನೋಡಿ ಬಂದ ಅಧ್ಯಯನದಿಂದ ಕಾರಣ ಹೇಳಲು ಬರುವುದಿಲ್ಲ. ಇನ್ನೊಂದು ಉದಾಹರಣೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ ಇತ್ತು. ನಿಮ್ಮ ಸಂಖ್ಯೆ ಅದಕ್ಕಿಂತ ಕಡಿಮೆ ಬಂದಿದ್ದರೆ "ನಮ್ಮ ಹಳ್ಳಿ ಚೆನ್ನಾಗಿದೆ" ಅಂತ ತೀರ್ಮಾನಿಸಬೇಡಿ. ಅವರು ಬೆರಳು ಚುಚ್ಚಿ ಚಿಕ್ಕ ಮೆಷಿನ್‌ನಲ್ಲಿ ನೋಡಿದ್ದು. ನೀವು ರಕ್ತನಾಳದಿಂದ ತೆಗೆದು ಲ್ಯಾಬ್‌ನಲ್ಲಿ ನೋಡಿದ್ದರೆ ಎರಡನ್ನೂ ನೇರವಾಗಿ ಪಕ್ಕಪಕ್ಕ ಇಡಲಾಗದು. ಈ ಒಂದು ಮಾತನ್ನು ನೀವಾಗಿಯೇ ಹೇಳಿದರೆ ರಿವ್ಯೂಯರ್‌ಗೆ ನಿಮ್ಮ ಮೇಲೆ ಗೌರವ ಬರುತ್ತದೆ.

ಇಂಗ್ಲಿಷ್ ಭಯದ ಬಗ್ಗೆ. ನಾನೂ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯವನೇ. ನನಗೆ ಕೈಹಿಡಿದ ಉಪಾಯ ಇದು: ಮೊದಲು ರೂಮ್‌ಮೇಟ್‌ಗೆ ಕನ್ನಡದಲ್ಲಿ ಐದು ವಾಕ್ಯದಲ್ಲಿ ಹೇಳುತ್ತಿದ್ದೆ. ಏನು ಕೇಳಿದೆ, ಯಾರನ್ನು ನೋಡಿದೆ, ಏನು ಸಿಕ್ಕಿತು, ಅದಕ್ಕೇನು ಅರ್ಥ, ಎಲ್ಲಿ ಕೊರತೆ ಇದೆ. ಕನ್ನಡದಲ್ಲಿ ಹೇಳಲು ತಡವರಿಸಿದ ಜಾಗದಲ್ಲೇ ನನ್ನ ವಿಚಾರವೂ ಅರೆಕೊರೆಯಾಗಿರುತ್ತಿತ್ತು, ಅದು ಭಾಷೆಯ ತೊಂದರೆ ಆಗಿರಲಿಲ್ಲ. ಆ ಐದು ವಾಕ್ಯ ಗಟ್ಟಿಯಾದರೆ ಸಣ್ಣಸಣ್ಣ ಇಂಗ್ಲಿಷ್ ವಾಕ್ಯ ಸಾಕು. ಸಂಪಾದಕರು ವ್ಯಾಕರಣ ತಿದ್ದುತ್ತಾರೆ, ಇಲ್ಲದ ವಿಚಾರವನ್ನು ತುಂಬಲಾರರು. ಬೇರೆಯವರ ವಾಕ್ಯ ಎತ್ತಿ ಹಾಕಬೇಡಿ, ಸಾಫ್ಟ್‌ವೇರ್ ಹಿಡಿಯುತ್ತದೆ. ಎಐ ಬಳಸಿ ಭಾಷೆ ತಿದ್ದಿಸಿದರೆ ಅದನ್ನು ಹೇಳಿಕೊಳ್ಳಬೇಕು, ಅದನ್ನು ಲೇಖಕ ಅಂತ ಹಾಕುವ ಹಾಗಿಲ್ಲ. ಅದು ಕೊಡುವ ರೆಫರೆನ್ಸ್‌ಗಳನ್ನಂತೂ ಪಬ್‌ಮೆಡ್‌ನಲ್ಲಿ ಕಣ್ಣಾರೆ ನೋಡದೆ ಸೇರಿಸಲೇಬೇಡಿ. ಇಲ್ಲದ ಲೇಖನವನ್ನು ಇದೆ ಅಂತ ತೋರಿಸುವುದು ಅದಕ್ಕೆ ಸಲೀಸು. ರೆಫರೆನ್ಸ್ ಜೋಡಿಸಲು ಜೊಟೆರೊ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಇವತ್ತೇ ಹಾಕಿಕೊಳ್ಳಿ.

ಹೆಸರುಗಳ ವಿಷಯ ಸೂಕ್ಷ್ಮ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಐಸಿಎಂಜೆಇ, ನಾಲ್ಕು ಷರತ್ತು ಇಟ್ಟಿದೆ. ಅಧ್ಯಯನದ ಯೋಜನೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಟ್ಟಿ ಪಾಲಿರಬೇಕು. ಬರೆಯುವುದರಲ್ಲಿ ಅಥವಾ ವಿಚಾರ ತಿದ್ದುವುದರಲ್ಲಿ ಕೈ ಇರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಪೇಪರ್‌ನ ಹೊಣೆ ಹೊರಬೇಕು. ನಾಲ್ಕೂ ಬೇಕು, ಒಂದು ಸಾಲದು. "ಇವರದ್ದೂ ಒಂದು ಹೆಸರು ಹಾಕಿ" ಎಂಬ ಒತ್ತಡ ಪಿಜಿಗಳ ಮೇಲೆ ಬರುತ್ತದೆ. ಎದುರು ನಿಂತು ಬೇಡ ಅನ್ನುವುದು ನಿಮ್ಮ ಸ್ಥಾನದಲ್ಲಿ ಕಷ್ಟ. ಹಾಗಾಗಿ ಬರೆಯುವ ಮೊದಲೇ ಗೈಡ್ ಜೊತೆ ಕೂತು ಹೆಸರು, ಕ್ರಮ ಎರಡನ್ನೂ ಮಾತಾಡಿ, ಒಂದು ಮೇಲ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಡ್ರಾಫ್ಟ್ ಅನ್ನು ಪ್ರತಿಯೊಬ್ಬರಿಗೂ ಕಳಿಸಿ, "ಸರ್, ನಿಮ್ಮ ತಿದ್ದುಪಡಿ ಬೇಕು" ಅಂತ ಕೇಳಿ. ಓದಿ ತಿದ್ದಿದವರು ನಿಜವಾಗಿ ಲೇಖಕರಾಗುತ್ತಾರೆ.

ಕಳಿಸುವ ದಿನ ಜಾಸ್ತಿ ಏನೂ ಇಲ್ಲ. ಆಯಾ ಜರ್ನಲ್‌ನ ಲೇಖಕರ ಸೂಚನೆ ಎದುರಿಗಿಟ್ಟುಕೊಂಡು ಫೈಲ್ ಜೋಡಿಸಿ. ಹೆಸರು ವಿಳಾಸದ ಪುಟ ಬೇರೆ, ಮುಖ್ಯ ಬರಹ ಬೇರೆ. ಇದು ಯಾರ ಪೇಪರ್ ಅಂತ ರಿವ್ಯೂಯರ್‌ಗೆ ತಿಳಿಯಬಾರದು, ಹಾಗಾಗಿ ಮುಖ್ಯ ಬರಹದಲ್ಲಿ ನಿಮ್ಮ ಕಾಲೇಜಿನ ಹೆಸರು ಎಲ್ಲೂ ಕಾಣದಂತೆ ನೋಡಿ, ಮೆಥಡ್ಸ್‌ನಲ್ಲಿ ಅದು ಉಳಿದುಬಿಡುವುದು ಸಾಮಾನ್ಯ. ಸಂಪಾದಕರಿಗೆ ಅರ್ಧ ಪುಟದ ಪತ್ರ ಬರೆಯಿರಿ. ಒಂದು ಸಲಕ್ಕೆ ಒಂದೇ ಜರ್ನಲ್.

ಆಮೇಲೆ ಕಾಯಬೇಕು. ಎರಡು ವಾರಕ್ಕೇ ರಿಜೆಕ್ಟ್ ಅಂತ ಬರಬಹುದು, ಆರು ತಿಂಗಳೂ ಆಗಬಹುದು. ರಿಜೆಕ್ಟ್ ಆದರೆ ಒಂದು ದಿನ ಬೇಜಾರು ಮಾಡಿಕೊಳ್ಳಿ, ಮಾರನೆ ದಿನ ಅವರು ಹೇಳಿದ್ದನ್ನು ತಿದ್ದಿ ಮುಂದಿನ ಜರ್ನಲ್‌ಗೆ ಕಳಿಸಿ. ತಿದ್ದಿ ಕಳಿಸಿ ಅಂದರೆ ಅದು ಒಳ್ಳೆ ಸುದ್ದಿ. ರಿವ್ಯೂಯರ್‌ನ ಪ್ರತಿ ಮಾತನ್ನೂ ಇಳಿಸಿಕೊಂಡು, ಕೆಳಗೆ ನಿಮ್ಮ ಉತ್ತರ, ಯಾವ ಪುಟ ಯಾವ ಸಾಲಿನಲ್ಲಿ ಬದಲಿಸಿದಿರಿ ಅಂತ ಬರೆಯಿರಿ. ಒಪ್ಪದಿದ್ದರೆ ಕಾರಣ ಕೊಟ್ಟು ಮರ್ಯಾದೆಯಿಂದ ಹೇಳಿ. ಅದಕ್ಕೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಉತ್ತರಿಸದೆ ಹಾರಿಸಿದರೆ ಮಾತ್ರ ಕೋಪ ಬರುತ್ತದೆ.

ಒಂದು ಮರೆತಿದ್ದೆ. ಕೃತಜ್ಞತೆ ಹೇಳುವ ಜಾಗದಲ್ಲಿ ಪಿಎಚ್‌ಸಿಯ ಎಎನ್‌ಎಂ ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆಯರನ್ನು ನೆನೆಯಿರಿ, ಹೆಸರು ಹಾಕುವುದಾದರೆ ಮೊದಲೇ ಅವರನ್ನು ಕೇಳಿ ಒಪ್ಪಿಗೆ ಬರೆಸಿಕೊಳ್ಳಿ. ಅಕ್ಸೆಪ್ಟ್ ಆದಮೇಲೆ ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತಪ್ಪು ನೋಡಲು ಕೊಡುವ ಪ್ರತಿ, ಬರುತ್ತದೆ, ಎರಡೋ ಮೂರೋ ದಿನದ ಗಡುವು ಇರುತ್ತದೆ. ಆಗ ಟೇಬಲ್‌ನ ದಶಮಾಂಶ ಚುಕ್ಕಿಗಳ ಜೊತೆ ಅವರ ಹೆಸರಿನ ಸ್ಪೆಲ್ಲಿಂಗನ್ನೂ ಒಮ್ಮೆ ನೋಡಿಬಿಡಿ.