ಸೂಜಿಯಿಂದಲೇ ಬೆರಳು ನೆಟ್ಟಗಾದೀತೇ?

ಪ್ರಶ್ನೆ: ನನಗೆ 63 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿದೆ. ಬಲ ಅಂಗೈಯಲ್ಲಿ ಸಣ್ಣ ಗಂಟಾಗಿ ಕಾಣಿಸಿಕೊಂಡದ್ದು ಈಗ ಹುರಿಯಂತೆ ಎದ್ದು, ಉಂಗುರ ಬೆರಳು ಒಳಕ್ಕೆ ಬಾಗಿದೆ. ನೋವಿಲ್ಲ, ಆದರೆ ಮುಖ ತೊಳೆಯುವಾಗ ಬೆರಳು ಕಣ್ಣಿಗೆ ತಿವಿಯುತ್ತದೆ. ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆ ಬೇಕೆನ್ನುತ್ತಾರೆ, ಇನ್ನೊಬ್ಬರು ಸೂಜಿಯಿಂದಲೇ ಬಿಡಿಸಬಹುದೆನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ವಿವರಣೆ ಡುಪ್ಯುಟ್ರೆನ್ ಕಾಂಟ್ರಾಕ್ಚರ್ ಎಂಬ ತೊಂದರೆಗೆ ಹೊಂದುತ್ತದೆ. ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚಾಗಿರುವ ಇದು ನಮ್ಮಲ್ಲಿ ಕಡಿಮೆಯಾದರೂ, ಮಧುಮೇಹಿಗಳಲ್ಲಿ ಕಂಡುಬರುತ್ತದೆ. ‘ನರ ಎಳೆದುಕೊಂಡಿದೆ’ ಎಂದು ಎಣ್ಣೆ ತಿಕ್ಕಿಸುವವರುಂಟು. ಆದರೆ ಇಲ್ಲಿ ಕುಗ್ಗುವುದು ನರವೂ ಅಲ್ಲ, ಸ್ನಾಯುರಜ್ಜುವೂ ಅಲ್ಲ, ಅಂಗೈ ಚರ್ಮದ ಕೆಳಗಿನ ತಂತುಪೊರೆ. ತಿಕ್ಕುವುದರಿಂದ ಅದು ಸಡಿಲವಾಗದು.

1970ರ ದಶಕದಲ್ಲಿ ಫ್ರಾನ್ಸಿನ ಸಂಧಿವಾತ ತಜ್ಞರು ರೂಢಿಗೆ ತಂದ ಸೂಜಿ ವಿಧಾನದಲ್ಲಿ, ಅಂಗೈಯ ಆ ಭಾಗವನ್ನಷ್ಟೇ ಮರಗಟ್ಟಿಸಿ, ಸೂಜಿಯ ಮೊನೆಯಿಂದ ಹುರಿಯನ್ನು ಹಲವು ಕಡೆ ಕತ್ತರಿಸುತ್ತಾ ದುರ್ಬಲಗೊಳಿಸಿ, ಆಮೇಲೆ ಬೆರಳನ್ನು ನೆಟ್ಟಗೆ ಚಾಚಿದಾಗ ಹುರಿ ಹರಿದುಹೋಗುತ್ತದೆ. ಬೆರಳಿನ ಸ್ಪರ್ಶನರ ಹುರಿಗೆ ಅಂಟಿಕೊಂಡಂತೆಯೇ ಸಾಗುವುದರಿಂದ, ರೋಗಿ ಎಚ್ಚರವಾಗಿದ್ದು ‘ಬೆರಳತುದಿಗೆ ಝುಂ ಎಂದಿತು’ ಎಂದು ಕೂಡಲೇ ಹೇಳುವುದು ಇಲ್ಲಿನ ದೊಡ್ಡ ರಕ್ಷಣೆ. ಹೊಲಿಗೆ ಬೇಕಿಲ್ಲ, ಅಂದೇ ಮನೆಗೆ ಮರಳಬಹುದು. ಗಾಯ ನಿಧಾನವಾಗಿ ಮಾಯುವ ಮಧುಮೇಹಿಗಳಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಹುರಿ ತುಂಡಾಗುತ್ತದೆಯೇ ಹೊರತು ಒಳಗೇ ಉಳಿಯುತ್ತದೆ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಐದು ವರ್ಷಗಳೊಳಗೆ ಮತ್ತೆ ಬಾಗಿದ ಪ್ರಮಾಣ ಸೂಜಿ ವಿಧಾನದಲ್ಲಿ ಸುಮಾರು 85 ಶೇಕಡಾ, ಪೊರೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ 21 ಶೇಕಡಾ. ಆದ್ದರಿಂದ ನಿಮ್ಮ ವೈದ್ಯರಿಬ್ಬರೂ ತಪ್ಪು ಹೇಳಿಲ್ಲ. ಬಾಗಿರುವುದು ಬೆರಳಿನ ಬುಡದ ಗೆಣ್ಣಾಗಿದ್ದು, ಹುರಿ ಸ್ಪಷ್ಟವಾಗಿ ಕೈಗೆ ಸಿಗುವಂತಿದ್ದರೆ ನಾನು ಮೊದಲು ಸೂಜಿಯನ್ನೇ ಆರಿಸುವೆ, ಏಕೆಂದರೆ ಮತ್ತೆ ಬಾಗಿದರೆ ಅದನ್ನೇ ಪುನಃ ಮಾಡಬಹುದು, ಶಸ್ತ್ರಚಿಕಿತ್ಸೆಯ ದಾರಿಯೂ ಮುಚ್ಚುವುದಿಲ್ಲ. ನಡುಗೆಣ್ಣು ಬಹುಕಾಲದಿಂದ ಬಾಗಿದ್ದರೆ ಕೀಲೇ ಬಿಗಿದಿರುತ್ತದೆ. ಆಗ ಯಾವ ವಿಧಾನದಿಂದಲೂ ಬೆರಳು ಪೂರ್ತಿ ನೆಟ್ಟಗಾಗುವುದು ಕಷ್ಟ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಎಡಗೈಯನ್ನೂ ಆಗಾಗ ಮೇಜಿನ ಮೇಲೆ ಅಂಗೈ ಕೆಳಗಾಗಿ ಒತ್ತಿ ನೋಡಿ. ಅದು ಸಮತಟ್ಟಾಗಿ ಕೂರದ ದಿನ ತಡಮಾಡದೆ ಕೈ ಶಸ್ತ್ರತಜ್ಞರನ್ನು ಕಾಣಿ.