ಗರ್ನಾಲಿಗೆ ಬೆಚ್ಚುವ ಹವಾಲ್ದಾರರು

(ಶಿರಸಿ ಸೀಮೆಯ ಓದುಗರೊಬ್ಬರ ಪತ್ರದ ಸಾರ: ಪತಿ ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾಗಿ ಮನೆಗೆ ಬಂದಿದ್ದಾರೆ. ಮಂಗ ಓಡಿಸಲು ಪಕ್ಕದ ತೋಟದವರು ಗರ್ನಾಲು ಪಟಾಕಿ ಹೊಡೆದರೆ ನೆಲಕ್ಕೆ ಬೀಳುತ್ತಾರೆ. ಆ ದಿನವಿಡೀ ಮಾತಿಲ್ಲ. ರಾತ್ರಿ ಒಬ್ಬರೇ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಾರೆ. ಕ್ಯಾಂಟೀನಿನ ರಮ್ ದಿನವೂ ಬೇಕು. ‘ಸೈನಿಕನಾಗಿ ಪಟಾಕಿಗೆ ಹೆದರುವುದೇ’ ಎಂದು ಭಾವ ಹಂಗಿಸುತ್ತಾರೆ, ಅತ್ತೆ ದೇವರಲ್ಲಿ ಪ್ರಸಾದ ಕೇಳೋಣ ಎನ್ನುತ್ತಾರೆ. ವೈದ್ಯರಲ್ಲಿಗೆ ಹೋದರೆ ಪಿಂಚಣಿ ನಿಲ್ಲುತ್ತದೆಯೇ?)

ಅಕ್ಕಾ, ಪಿಂಚಣಿ ನಿಲ್ಲುವುದಿಲ್ಲ. ಸೇವೆ ಮುಗಿಸಿ ಗಳಿಸಿದ ಪಿಂಚಣಿಗೂ ಮನೋವೈದ್ಯರ ಚೀಟಿಗೂ ಸಂಬಂಧವಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ಪತ್ರ ಓದಿ ಕಾಯಿಲೆಗೆ ಹೆಸರಿಡುವುದು ನನ್ನ ಕೆಲಸವಲ್ಲ. ಆದರೂ ಸದ್ದಿಗೆ ಬೆಚ್ಚುವುದು, ಕೆಟ್ಟ ಕನಸು, ಸಿಡುಕು, ಹಳೆಯದನ್ನು ನೆನಪಿಸುವ ಎಲ್ಲದರಿಂದ ದೂರ ಸರಿಯುವುದು ತಿಂಗಳು ದಾಟಿಯೂ ಮುಂದುವರಿದರೆ ವೈದ್ಯರು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ, ಇರಬಹುದೇ ಎಂದು ನೋಡುತ್ತಾರೆ. ಗಡಿಯಲ್ಲಿ ಜೀವ ಉಳಿಸಿದ ಎಚ್ಚರ ಊರಿಗೆ ಬಂದ ಮೇಲೂ ಕಾವಲು ಬಿಟ್ಟಿಲ್ಲ. ಕನಸಿಗೆ ಹೆದರಿ ನಿದ್ರೆಯನ್ನೇ ಮುಂದೂಡುವವರಿದ್ದಾರೆ. ಬೆಳಗ್ಗೆ ಅಡಿಕೆಯ ರಾಶಿ ನೋಡಿ ‘ಏನು ದುಡಿಮೆ!’ ಎನ್ನುವ ನೆಂಟರಿಗೆ ಅದು ಹೊಳೆಯುವುದಿಲ್ಲ. ಇದಕ್ಕೆ ಆಪ್ತಸಮಾಲೋಚನೆಯೂ ಔಷಧವೂ ಇವೆ.

ರಮ್ ಬೇಗ ಮಂಪರು ತರುತ್ತದೆ, ನಡುರಾತ್ರಿಯ ನಂತರದ ನಿದ್ರೆಯನ್ನು ಕೆಡಿಸುತ್ತದೆ. ಹಾಗೆಂದು ಹಟಕ್ಕೆ ಬಿದ್ದು ಬಾಟಲಿ ಬಚ್ಚಿಡಬೇಡಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಬಿಡಿಸುವುದೂ ವೈದ್ಯರ ಕೈಯಲ್ಲೇ ಆಗಲಿ.

ನಿಮ್ಮ ಭಾವನವರಿಗೆ ಒಂದು ಮಾತು. ಕಾರವಾರದ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ಮೇಜರ್ ರಾಮಾ ರಾಘೋಬಾ ರಾಣೆಯವರ ಪ್ರತಿಮೆಯಿದೆ. 1948ರಲ್ಲಿ ಕಾಶ್ಮೀರದ ಯುದ್ಧದಲ್ಲಿ ರಜೌರಿಯ ದಾರಿಯ ನೆಲಬಾಂಬುಗಳನ್ನು ತೆಗೆದು ಪರಮವೀರ ಚಕ್ರ ಪಡೆದ, ಅದೇ ಕಾರವಾರದ ಚೆಂಡಿಯಾ ಊರಿನ ಮಗ ಅವರು. ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತೇವೆ, ಆಗಸ್ಟ್ 15ಕ್ಕೆ ನಿವೃತ್ತರಿಗೆ ಶಾಲು ಹೊದಿಸುತ್ತೇವೆ. ಶಾಲು ಹೊದ್ದವರನ್ನು ‘ನಿದ್ರೆ ಬರುತ್ತದೆಯೇ’ ಎಂದು ಕೇಳಿದ ಸಂಘಟಕರನ್ನು ನಾನಂತೂ ಕಂಡಿಲ್ಲ.

ಪತಿ ಒಪ್ಪಲಿ ಎಂದು ಕಾಯಬೇಡಿ, ಮೊದಲ ಕರೆ ನೀವೇ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416: ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಸೇನೆಯವರಿಗೂ ಅವರ ಕುಟುಂಬಕ್ಕೂ 2023ರ ಡಿಸೆಂಬರಿನಿಂದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರದೇ ವಿಶೇಷ ಘಟಕವಿದೆ. ನಿವೃತ್ತ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ಪತ್ನಿಗೂ ಹಕ್ಕಿದೆ. ಅವರ ಜೊತೆ ನೀವೂ ನಿದ್ರೆಗೆಟ್ಟಿದ್ದೀರಲ್ಲ, ನಿಮ್ಮ ಕಾರ್ಡನ್ನೂ ಬಳಸಿ. ಬೆಂಗಳೂರಿನ ನಿಮ್ಹಾನ್ಸ್ ದೂರವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಪ್ರಸಾದ ಕೇಳುವುದಕ್ಕೆ ನನ್ನ ತಕರಾರಿಲ್ಲ, ಅತ್ತೆಯವರ ಸಮಾಧಾನವೂ ಮುಖ್ಯವೇ. ವೈದ್ಯರ ಭೇಟಿ ಮಾತ್ರ ಅದಕ್ಕಾಗಿ ಮುಂದಕ್ಕೆ ಹೋಗದಿರಲಿ. ಪಕ್ಕದ ತೋಟದವರಿಗೆ, ಗರ್ನಾಲು ಹೊಡೆಯುವ ಮೊದಲು ಒಂದು ಕೂಗು ಹಾಕಿ ಎಂದು ಹೇಳಿಡಿ. ಮೊದಲೇ ಗೊತ್ತಿರುವ ಸದ್ದಿಗೆ ಮೈ ಅಷ್ಟು ಬೆಚ್ಚುವುದಿಲ್ಲ.

ನೀವು ಬರೆಯದ ಒಂದು ವಿಷಯ. ನಮ್ಮ ಕಡೆ ತೋಟವಿರುವ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಇರುತ್ತದೆ. ನಿಮ್ಮಲ್ಲೂ ಇದ್ದರೆ, ಚುನಾವಣೆಯ ಹೊತ್ತಿಗೆ ಮಾಡುವಂತೆ ಸದ್ಯಕ್ಕೆ ಅದನ್ನು ಠಾಣೆಯಲ್ಲಿಡುವಂತೆ ಅವರ ಮನವೊಲಿಸಿ. ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಒಮ್ಮೆ ಬಂದರೂ ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ತುರ್ತಿದ್ದರೆ 112.

– ಸಂಪಾದಕ